ಯಾರ ಮಾತು ಮೊದಲು? — ಗಣಕಯಂತ್ರದ ಭಾಷೆಯಲ್ಲಿ ಉತ್ತರಾಧಿಕಾರದ ಕ್ರಮ

ಒಂದೇ ಪ್ರಶ್ನೆಗೆ ಉತ್ತರ ಹೇಳಬಲ್ಲ ಹಿರಿಯರು ಮನೆಯಲ್ಲಿ ಇಬ್ಬರಿದ್ದರೆ ಮೊದಲು ಯಾರನ್ನು ಕೇಳಬೇಕು? ಈ ಪ್ರಶ್ನೆ ಸಂಸಾರದಲ್ಲಿ ಹುಟ್ಟುವಂತೆ ಧರ್ಮಶಾಸ್ತ್ರದಲ್ಲಿಯೂ ನ್ಯಾಯಾಲಯದಲ್ಲಿಯೂ ಹುಟ್ಟಿದೆ. ಗಣಕಯಂತ್ರಕ್ಕೆ ಅಪ್ಪಣೆಗಳನ್ನು ಬರೆಯುವ ಭಾಷೆಗಳಲ್ಲಿಯೂ ಅದೇ ಪ್ರಶ್ನೆ ತಲೆದೋರಿ, ಅದಕ್ಕೆ ಬಲ್ಲವರು ಹಲವು ಉತ್ತರಗಳನ್ನು ಕಂಡುಕೊಂಡಿದ್ದಾರೆ. ಆ ಉತ್ತರ ಯಾವುದು, ಅದನ್ನು ನಮ್ಮ ಇಷ್ಟದಂತೆ ಬದಲಿಸಿಕೊಳ್ಳಲು ಬರುವುದೆ, ಬದಲಿಸಿದರೆ ಆಗುವ ಹಿತವೇನು, ಅಹಿತವೇನು ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಯತ್ನಿಸುತ್ತೇವೆ.

ಇದು ಇಂಗ್ಲಿಷ್ ಬಲ್ಲವರ ವಿಷಯ, ನಮ್ಮ ಮಕ್ಕಳಿಗೇಕೆ ಎಂದು ಕೆಲವು ಪೋಷಕರಿಗೆ ಅನಿಸಬಹುದು. ನಮ್ಮ ಝುವಾರಿನಗರದಲ್ಲಿಯೇ ೨೦೦೪ರಿಂದ ಬಿಟ್ಸ್ ಪಿಲಾನಿಯ ಗೋವಾ ಆವರಣವಿದೆ. ದೇಶದ ನಾನಾ ಕಡೆಯ ತರುಣ ತರುಣಿಯರು ಅಲ್ಲಿ ಗಣಕಶಾಸ್ತ್ರವನ್ನು ಓದುತ್ತಾರೆ. ಆ ಶಾಸ್ತ್ರ ಆವರಣದ ಗೋಡೆಯೊಳಗಿನವರ ಸೊತ್ತಲ್ಲ. ಅದರ ಮೂಲದಲ್ಲಿರುವುದು ವಿಚಾರ. ವಿಚಾರಕ್ಕೆ ಕನ್ನಡ ಸಾಲದೆಂಬುದು ಸುಳ್ಳು. ಇಲ್ಲಿ ಬರುವ ಲೆಕ್ಕವನ್ನು ನಮ್ಮ ಏಳನೆಯ ಇಯತ್ತೆಯ ವಿದ್ಯಾರ್ಥಿ ಕಾಗದದ ಚೀಟಿಗಳಿಂದ ಮಾಡಬಲ್ಲನು, ಮಾಡಬಲ್ಲಳು.

ದುಭಾಷಿಯ ಕೆಲಸ

ಗಣಕಯಂತ್ರಕ್ಕೆ ತಿಳಿಯುವುದು ತನ್ನದೇ ಆದ ಅಂಕೆಗಳ ಭಾಷೆ ಮಾತ್ರ. ಮನುಷ್ಯನು ಓದಬಲ್ಲ ಭಾಷೆಯಲ್ಲಿ ಬರೆದ ಅಪ್ಪಣೆಗಳನ್ನು ಅದು ನೇರವಾಗಿ ಅರಿಯಲಾರದು. ಆದುದರಿಂದ ನಡುವೆ ಒಬ್ಬ ದುಭಾಷಿ ಬೇಕು. ಅಪ್ಪಣೆಗಳನ್ನು ಒಂದೊಂದಾಗಿ ಓದಿ, ಅರ್ಥಮಾಡಿ, ಆಗಿಂದಾಗಲೇ ನಡೆಯಿಸುವ ಈ ದುಭಾಷಿಗೆ ಇಂಟರ್‌ಪ್ರಿಟರ್ ಎಂದು ಹೆಸರು. ಊರಿನಿಂದ ಹೊಸದಾಗಿ ಬಂದ ತಾಯಿಗೆ ದವಾಖಾನೆಯಲ್ಲಿ ಕೊಂಕಣಿಯ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಮಗಳು ಮಾಡುವುದೂ ಇದೇ ಕೆಲಸ. ಒಳ್ಳೆಯ ದುಭಾಷಿ ತನ್ನ ಕಡೆಯಿಂದ ಏನನ್ನೂ ಸೇರಿಸುವುದಿಲ್ಲ. ಆದರೆ ಹೇಳಿದ ಮಾತಿಗೆ ಎರಡು ಅರ್ಥಗಳಾಗುವ ಕಡೆ ಯಾವುದನ್ನು ಹಿಡಿಯಬೇಕೆಂಬ ನಿಯಮ ಅವನಲ್ಲಿ ಮೊದಲೇ ಇರಬೇಕಾಗುತ್ತದೆ. ಆ ನಿಯಮವೇ ನಮ್ಮ ಇಂದಿನ ವಿಷಯ.

ಇಂಟರ್‌ಪ್ರಿಟರಿನ ಮೂಲಕ ನಡೆಯುವ ಭಾಷೆಗಳಲ್ಲಿ ಪೈಥಾನ್ ಎಂಬುದು ಇಂದು ಬಹು ಪ್ರಸಿದ್ಧವಾದುದು. ಗೀಡೊ ವಾನ್ ರೋಸಮ್ ಎಂಬ ಡಚ್ ಗಣಕತಜ್ಞರು ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾಲಯವೊಂದರಲ್ಲಿ ೧೯೮೯ರ ಡಿಸೆಂಬರಿನಲ್ಲಿ ಇದರ ಕೆಲಸ ಆರಂಭಿಸಿ ೧೯೯೧ರಲ್ಲಿ ಲೋಕಕ್ಕೆ ಕೊಟ್ಟರು. ನಮ್ಮ ಉದಾಹರಣೆಗಳೆಲ್ಲ ಈ ಭಾಷೆಯವು. ಒಂದು ಸಂತೋಷದ ಸಂಗತಿಯನ್ನೂ ಇಲ್ಲಿಯೇ ಹೇಳಬೇಕು: ೨೦೦೮ರಲ್ಲಿ ಬಂದ ಪೈಥಾನ್ ೩ರಿಂದೀಚೆಗೆ, ಭಾಷೆಯ ಕೆಲವೇ ಮೂಲಶಬ್ದಗಳು ಇಂಗ್ಲಿಷಿನವಾದರೂ, ನಾವಿಡುವ ಹೆಸರುಗಳು ಕನ್ನಡ ಲಿಪಿಯಲ್ಲಿರಬಹುದು. ಕೆಳಗೆ ಬರುವ ‘ವಿದ್ಯಾರ್ಥಿ’ ಎಂಬ ಹೆಸರನ್ನು ಹಾಗೆಯೇ ಕನ್ನಡದಲ್ಲಿ ಬರೆದರೂ ಪೈಥಾನಿನ ಇಂಟರ್‌ಪ್ರಿಟರು ಒಪ್ಪುತ್ತದೆ.

ವರ್ಗ, ವಿಧಾನ, ಉತ್ತರಾಧಿಕಾರ

ಒಂದೇ ಬಗೆಯ ವಸ್ತುಗಳ ಲಕ್ಷಣಗಳನ್ನೂ ನಡವಳಿಕೆಯನ್ನೂ ಒಂದೆಡೆ ಬರೆದಿಟ್ಟರೆ ಅದು ಒಂದು ವರ್ಗ. ಆ ವರ್ಗಕ್ಕೆ ತಿಳಿದಿರುವ ಒಂದೊಂದು ಕೆಲಸವೂ ಒಂದೊಂದು ವಿಧಾನ; ಇಂಗ್ಲಿಷಿನವರು ಮೆಥಡ್ ಎನ್ನುತ್ತಾರೆ. ‘ವಿದ್ಯಾರ್ಥಿ’ ಎಂಬ ವರ್ಗವನ್ನು ಕಲ್ಪಿಸಿಕೊಳ್ಳೋಣ. ಅದಕ್ಕೆ ‘ಶುಲ್ಕ’ ಎಂಬ ವಿಧಾನವಿದೆ, ಕೇಳಿದರೆ ‘ರೂ. ೫೦೦’ ಎಂದು ಉತ್ತರ ಕೊಡುತ್ತದೆ.

ಒಂದು ವರ್ಗದಿಂದ ಇನ್ನೊಂದು ವರ್ಗ ಹುಟ್ಟಬಹುದು. ಹುಟ್ಟಿದ ವರ್ಗವು ತಾಯಿವರ್ಗದ ವಿಧಾನಗಳನ್ನೆಲ್ಲ ಬಳುವಳಿಯಾಗಿ ಪಡೆಯುತ್ತದೆ. ಬೇಕಾದುದನ್ನು ತಾನೇ ಬೇರೆಯಾಗಿ ಬರೆದುಕೊಳ್ಳುತ್ತದೆ. ಇದಕ್ಕೆ ಉತ್ತರಾಧಿಕಾರವೆಂದು ಹೆಸರಿಡೋಣ. ಈ ಕಲ್ಪನೆಯನ್ನು ಮೊದಲು ಭಾಷೆಯಲ್ಲಿ ಅಳವಡಿಸಿದವರು ನಾರ್ವೆ ದೇಶದ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್. ಅವರ ಭಾಷೆ ಸಿಮ್ಯುಲಾ ೬೭. ಅದರಲ್ಲಿ ಒಂದು ವರ್ಗಕ್ಕೆ ಒಂದೇ ತಾಯಿ. ತನ್ನಲ್ಲಿ ಇಲ್ಲದುದನ್ನು ತಾಯಿಯಲ್ಲಿ ಹುಡುಕು, ಅಲ್ಲಿಯೂ ಇಲ್ಲದಿದ್ದರೆ ಅಜ್ಜಿಯಲ್ಲಿ ಹುಡುಕು. ಬಾವಿಯ ಮೆಟ್ಟಿಲುಗಳಂತೆ ಒಂದೇ ಸಾಲು, ಜಗಳಕ್ಕೆ ಎಡೆಯಿಲ್ಲ.

ಒಂದು ವರ್ಗಕ್ಕೆ ಇಬ್ಬರು ತಾಯಂದಿರು ಇರಬಹುದೆಂದು ಒಪ್ಪಿದ ಕೂಡಲೆ ತೊಡಕು ಹುಟ್ಟಿತು. ಇಬ್ಬರಲ್ಲಿಯೂ ಒಂದೇ ಹೆಸರಿನ ವಿಧಾನವಿದ್ದರೆ ಮಗು ಯಾರ ಮಾತನ್ನು ಕೇಳಬೇಕು?

ಕಲ್ಯಾಣದಲ್ಲಿ ಎದ್ದ ಪ್ರಶ್ನೆ

ಗಣಕಯಂತ್ರದ ಉತ್ತರವನ್ನು ನೋಡುವ ಮುಂಚೆ ನಮ್ಮ ನಾಡಿನ ಒಂದು ಹಳೆಯ ಚರ್ಚೆಯನ್ನು ನೆನೆಯುವುದು ಉಪಯುಕ್ತ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (೧೦೭೬-೧೧೨೬) ಕಲ್ಯಾಣದಲ್ಲಿ ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಗಂಡುಸಂತಾನವಿಲ್ಲದೆ ತೀರಿಕೊಂಡವನ ಸೊತ್ತು ಯಾರಿಗೆ ಸೇರಬೇಕೆಂಬುದಕ್ಕೆ ಆ ಸ್ಮೃತಿಯಲ್ಲಿ ಒಂದು ಸಾಲು ಇದೆ: ಹೆಂಡತಿ, ಹೆಣ್ಣುಮಕ್ಕಳು, ತಂದೆತಾಯಿ, ಸೋದರರು, ಸೋದರರ ಮಕ್ಕಳು, ಹೀಗೆ. ಮುಂದಿನವರು ಇಲ್ಲದಿದ್ದರೆ ಮಾತ್ರ ಹಿಂದಿನವರಿಗೆ ಸರದಿ ಬರುತ್ತದೆ.

ಆದರೆ ತಂದೆತಾಯಿ ಎಂಬಲ್ಲಿ ಮೂಲದಲ್ಲಿರುವುದು ‘ಪಿತರೌ’ ಎಂಬ ಒಂದೇ ಪದ. ಅದು ಇಬ್ಬರನ್ನೂ ಹೇಳುತ್ತದೆ. ಯಾರು ಮೊದಲೆಂಬುದನ್ನು ಹೇಳುವುದಿಲ್ಲ. ವಿಜ್ಞಾನೇಶ್ವರನು ತಾಯಿಯೇ ಮೊದಲೆಂದು ನಿರ್ಣಯಿಸಿದನು. ಆತನು ಕೊಟ್ಟ ಕಾರಣಗಳು ಎರಡು. ಆ ಸಮಾಸವನ್ನು ಬಿಡಿಸಿ ಹೇಳುವಾಗ ತಾಯಿಯ ಹೆಸರು ಮೊದಲು ಬರುತ್ತದೆ ಎಂಬುದು ವ್ಯಾಕರಣದ ಕಾರಣ. ತಂದೆಯು ಬೇರೆ ಹೆಂಡತಿಯ ಮಕ್ಕಳಿಗೂ ತಂದೆಯಾಗಿರಬಹುದು, ತಾಯಿ ಹಾಗಲ್ಲ. ಆದುದರಿಂದ ಅವಳ ನಂಟು ಹೆಚ್ಚು ಹತ್ತಿರದ್ದು ಎಂಬುದು ನ್ಯಾಯದ ಕಾರಣ. ಬಂಗಾಳದಲ್ಲಿ ನಡೆದ ‘ದಾಯಭಾಗ’ ಗ್ರಂಥವಾದರೋ ತಂದೆಯನ್ನೇ ಮೊದಲು ಇಟ್ಟಿತು. ವಂಶವೃಕ್ಷ ಒಂದೇ, ಅದನ್ನು ಸಾಲಾಗಿ ಇಳಿಸುವ ನಿಯಮ ಬೇರೆ, ಸೊತ್ತು ಸೇರುವ ಮನೆಯೂ ಬೇರೆ. ಸ್ವತಂತ್ರ ಭಾರತದ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ, ತೀರಿಕೊಂಡ ಗಂಡಸಿನ ವಾರಸುದಾರರ ಮೊದಲನೆಯ ಶ್ರೇಣಿಯಲ್ಲಿ ತಾಯಿ ಇದ್ದಾಳೆ. ತಂದೆ ಇರುವುದು ಎರಡನೆಯ ಶ್ರೇಣಿಯಲ್ಲಿ.

ಇನ್ನು ದಕ್ಷಿಣ ಕನ್ನಡ, ಕಾಸರಗೋಡುಗಳ ಕಡೆ ಅನೇಕ ಮನೆತನಗಳಲ್ಲಿ ಅಳಿಯಸಂತಾನದ ಕಟ್ಟು ಇತ್ತು. ಅಲ್ಲಿ ಗಂಡಸಿನ ಸ್ವಂತ ಮಕ್ಕಳಿಗಲ್ಲ, ಅವನ ಸೋದರಿಯ ಮಕ್ಕಳಿಗೆ ಕುಟುಂಬದ ಆಸ್ತಿ ಸಾಗುತ್ತಿತ್ತು. ೧೯೪೯ರಲ್ಲಿ ಮದರಾಸು ಸರಕಾರ ಅದಕ್ಕೊಂದು ಕಾಯಿದೆಯನ್ನೇ ಮಾಡಿತು. ಒಂದು ಸಮಾಜವು ತನಗೆ ಬೇಕಾದ ಕ್ರಮವನ್ನು ತಾನೇ ಇಟ್ಟುಕೊಂಡದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇವುಗಳಿಂದ ನಾವು ತಿಳಿಯಬೇಕಾದುದು ಇಷ್ಟು. ಹಕ್ಕುದಾರರು ಹಲವರಿದ್ದಲ್ಲಿ ಅವರನ್ನು ಒಂದು ಸಾಲಿನಲ್ಲಿ ನಿಲ್ಲಿಸಲೇಬೇಕು. ಆ ಸಾಲು ವ್ಯಾಜ್ಯ ಹುಟ್ಟುವ ಮುಂಚೆಯೇ ಗೊತ್ತಿರಬೇಕು. ಸಾಲಿಗೆ ಕಾರಣವನ್ನೂ ಹೇಳಲು ಬರಬೇಕು. ಹೋಲಿಕೆಗೆ ಒಂದು ಮಿತಿಯುಂಟೆಂಬುದನ್ನು ಮರೆಯಬಾರದು: ಆಸ್ತಿ ಒಬ್ಬರಿಗೆ ಹೋದರೆ ಇನ್ನೊಬ್ಬರಿಗೆ ಉಳಿಯದು, ಗಣಕಯಂತ್ರದ ವಿಧಾನವಾದರೋ ಎಷ್ಟು ಮಕ್ಕಳು ಬಳಸಿದರೂ ತೀರದು. ಸರದಿಯ ವಿಚಾರದಲ್ಲಿ ಮಾತ್ರ ಎರಡೂ ಒಂದೇ.

ಆಳಕ್ಕೆ ಇಳಿದವನ ತಪ್ಪು

ಈಗ ನಮ್ಮ ಉದಾಹರಣೆಗೆ ಬರೋಣ. ‘ವಿದ್ಯಾರ್ಥಿ’ ವರ್ಗದಿಂದ ಎರಡು ವರ್ಗಗಳು ಹುಟ್ಟಿವೆ ಎಂದುಕೊಳ್ಳಿರಿ. ಒಂದು ‘ವಸತಿ’, ಎಂದರೆ ವಸತಿಗೃಹದಲ್ಲಿರುವ ವಿದ್ಯಾರ್ಥಿಗಳದು. ಇನ್ನೊಂದು ‘ವೇತನ’, ಎಂದರೆ ವಿದ್ಯಾರ್ಥಿವೇತನ ಪಡೆದವರದು. ‘ವಸತಿ’ ವರ್ಗವು ಊಟದ ವಿಷಯವನ್ನು ಮಾತ್ರ ಸೇರಿಸಿದೆ. ಶುಲ್ಕದ ಬಗ್ಗೆ ಅದು ಸುಮ್ಮನಿದೆ. ‘ವೇತನ’ ವರ್ಗವು ಶುಲ್ಕವನ್ನು ಹೊಸದಾಗಿ ಬರೆದಿದೆ: ‘ಶುಲ್ಕವಿಲ್ಲ’. ಈಗ ವಸತಿಗೃಹದಲ್ಲಿಯೂ ಇದ್ದು ವೇತನವನ್ನೂ ಪಡೆದ ಮಗುವಿಗಾಗಿ ‘ಉಭಯ’ ಎಂಬ ವರ್ಗವನ್ನು ಮಾಡಿ, ಅದರ ತಾಯಂದಿರು ಕ್ರಮವಾಗಿ ವಸತಿ, ವೇತನ ಎಂದು ಬರೆಯುತ್ತೇವೆ. ಈ ಮಗುವಿನ ಶುಲ್ಕವೆಷ್ಟು?

ಯಾರನ್ನು ಕೇಳಿದರೂ ‘ಶುಲ್ಕವಿಲ್ಲ’ ಎನ್ನುವರು. ಆದರೆ ಹಳೆಯ ಪೈಥಾನ್ ಹಾಗೆನ್ನುತ್ತಿರಲಿಲ್ಲ. ಅದರ ನಿಯಮ ಸರಳವಾಗಿತ್ತು: ಮೊದಲ ತಾಯಿಯನ್ನು ಹಿಡಿದು, ಆ ಕವಲಿನ ತುದಿಯವರೆಗೆ ಹೋಗಿ, ಅಲ್ಲಿ ಸಿಗದಿದ್ದರೆ ಮಾತ್ರ ಎರಡನೆಯ ತಾಯಿಯ ಕಡೆ ಬರುವುದು. ಅದರಂತೆ ಇಂಟರ್‌ಪ್ರಿಟರು ಉಭಯದಲ್ಲಿ ಹುಡುಕುತ್ತದೆ, ಇಲ್ಲ. ವಸತಿಯಲ್ಲಿ ಹುಡುಕುತ್ತದೆ, ಇಲ್ಲ. ವಸತಿಯ ತಾಯಿಯಾದ ವಿದ್ಯಾರ್ಥಿಯಲ್ಲಿ ಹುಡುಕುತ್ತದೆ, ಸಿಕ್ಕಿತು: ರೂ. ೫೦೦. ‘ವೇತನ’ದ ಬಾಗಿಲಿಗೆ ಅದು ಹೋಗಲೇ ಇಲ್ಲ.

ಇಲ್ಲಿ ಏನಾಯಿತೆಂಬುದನ್ನು ಗಮನಿಸಿರಿ. ಯಂತ್ರ ಕೆಡಲಿಲ್ಲ, ತಪ್ಪಿನ ಸೂಚನೆ ಬರಲಿಲ್ಲ. ಬರೆದವರ ಯಾವ ಸಾಲೂ ಸುಳ್ಳಲ್ಲ. ಆದರೂ ಮಾಫಿ ದೊರೆತ ಮಗುವಿನ ಹೆಸರಿನ ಮುಂದೆ ಐದುನೂರು ರೂಪಾಯಿ ಬಾಕಿ ಬಿದ್ದಿತು. ಸಾಮಾನ್ಯವಾದ ಅಜ್ಜಿಯ ಮಾತು, ವಿಶೇಷವಾದ ತಾಯಿಯ ಮಾತಿಗಿಂತ ಮುಂಚೆ ಕೇಳಿಸಿತು, ಕೆಡುಕು ಅಷ್ಟೆ. ಇಂದು ಶುಲ್ಕ, ಪಡಿತರ, ಪಿಂಚಣಿ, ಬ್ಯಾಂಕು ಎಲ್ಲದರ ಲೆಕ್ಕವೂ ಇಂಥ ಪ್ರೋಗ್ರಾಮುಗಳ ಕೈಯಲ್ಲಿರುವಾಗ, ಸರದಿಯ ಒಂದು ಸಣ್ಣ ದೋಷ ಬಡವರ ಮನೆಗೆ ದೊಡ್ಡ ಪೆಟ್ಟಾಗಬಹುದು.

ಚೀಟಿಗಳಿಂದ ಸಾಲು ಕಟ್ಟುವುದು

ಸರಿಯಾದ ಸಾಲು ಮೂರು ಕಟ್ಟಳೆಗಳನ್ನು ಪಾಲಿಸಬೇಕು. ಒಂದು, ಮಗು ಯಾವಾಗಲೂ ತಾಯಿಗಿಂತ ಮೊದಲು. ಎರಡು, ತಾಯಂದಿರನ್ನು ಬರೆದ ಕ್ರಮಕ್ಕೆ ಭಂಗ ಬರಬಾರದು. ಮೂರು, ತಾಯಿಯ ಸಾಲಿನಲ್ಲಿ ಇಬ್ಬರು ಹಿರಿಯರು ಯಾವ ಕ್ರಮದಲ್ಲಿ ನಿಂತಿದ್ದಾರೋ ಮಗುವಿನ ಸಾಲಿನಲ್ಲಿಯೂ ಅವರು ಅದೇ ಕ್ರಮದಲ್ಲಿ ನಿಲ್ಲಬೇಕು. ಈ ಮೂರನ್ನೂ ಒಟ್ಟಿಗೆ ನಡೆಯಿಸುವ ಕ್ರಮವನ್ನು ಡಿಲನ್ ಎಂಬ ಭಾಷೆಗಾಗಿ ಕಿಮ್ ಬ್ಯಾರೆಟ್ ಮತ್ತು ಅವರ ಸಂಗಡಿಗರು ೧೯೯೬ರಲ್ಲಿ ಒಂದು ಪ್ರಬಂಧದಲ್ಲಿ ಪ್ರಕಟಿಸಿದರು. ಅದಕ್ಕೆ ‘ಸಿ೩’ ಎಂದು ಹೆಸರು. ಪೈಥಾನ್ ೨.೨ರಲ್ಲಿ ಬಂದ ಹೊಸ ಕ್ರಮವೂ ಮೂರನೆಯ ಕಟ್ಟಳೆಯನ್ನು ಕೆಲವೆಡೆ ಮುರಿಯುವುದೆಂದು ಸಾಮ್ಯುವೆಲೆ ಪೆದ್ರೋನಿ ಎಂಬುವರು ತೋರಿಸಿಕೊಟ್ಟ ಮೇಲೆ, ೨೦೦೩ರ ಪೈಥಾನ್ ೨.೩ರಿಂದ ಸಿ೩ ಕ್ರಮವೇ ನೆಲೆನಿಂತಿತು.

ಇದನ್ನು ಚೀಟಿಗಳಿಂದ ಮಾಡಿ ನೋಡೋಣ. ಉಭಯದ ಸಾಲು ಬೇಕಾದರೆ, ಒಬ್ಬೊಬ್ಬ ತಾಯಿಯ ಸಾಲನ್ನೂ, ಕಡೆಗೆ ತಾಯಂದಿರನ್ನು ಬರೆದ ಕ್ರಮವನ್ನೂ ಮೇಜಿನ ಮೇಲೆ ಹರಡಬೇಕು:

ಮೊದಲ ಸಾಲು: ವಸತಿ, ವಿದ್ಯಾರ್ಥಿ.
ಎರಡನೆಯ ಸಾಲು: ವೇತನ, ವಿದ್ಯಾರ್ಥಿ.
ಮೂರನೆಯ ಸಾಲು: ವಸತಿ, ವೇತನ.

ನಿಯಮ ಇಷ್ಟೆ. ಮೊದಲ ಸಾಲಿನ ತಲೆಯಲ್ಲಿರುವ ಚೀಟಿಯನ್ನು ನೋಡಿರಿ. ಅದು ಬೇರೆ ಯಾವ ಸಾಲಿನಲ್ಲಾದರೂ ಇನ್ನೊಂದರ ಬೆನ್ನ ಹಿಂದೆ ನಿಂತಿದೆಯೆ? ಇಲ್ಲದಿದ್ದರೆ ಅದನ್ನು ಎತ್ತಿ ಉತ್ತರದಲ್ಲಿ ಇಟ್ಟು, ಎಲ್ಲ ಸಾಲುಗಳಿಂದಲೂ ತೆಗೆಯಿರಿ. ಬೆನ್ನ ಹಿಂದೆ ನಿಂತಿದ್ದರೆ ಅದರ ಸರದಿ ಇನ್ನೂ ಬಂದಿಲ್ಲ. ಮುಂದಿನ ಸಾಲಿನ ತಲೆಯನ್ನು ನೋಡಿರಿ. ಒಂದು ಚೀಟಿಯನ್ನು ಎತ್ತಿದ ಮೇಲೆ ಮತ್ತೆ ಮೊದಲ ಸಾಲಿನಿಂದ ಆರಂಭಿಸಿರಿ.

ಉತ್ತರದ ಮೊದಲ ಸ್ಥಾನ ಉಭಯದ್ದೇ. ಅನಂತರ ‘ವಸತಿ’: ಯಾರ ಬೆನ್ನ ಹಿಂದೆಯೂ ಇಲ್ಲ, ಎತ್ತಿರಿ. ಈಗ ಮೊದಲ ಸಾಲಿನಲ್ಲಿ ಉಳಿದದ್ದು ‘ವಿದ್ಯಾರ್ಥಿ’. ಆದರೆ ಎರಡನೆಯ ಸಾಲಿನಲ್ಲಿ ಅದು ವೇತನದ ಬೆನ್ನ ಹಿಂದೆ ನಿಂತಿದೆ, ಕಾಯಬೇಕು. ಎರಡನೆಯ ಸಾಲಿನ ತಲೆ ‘ವೇತನ’, ಯಾರ ಹಿಂದೆಯೂ ಇಲ್ಲ, ಎತ್ತಿರಿ. ಕಡೆಗೆ ‘ವಿದ್ಯಾರ್ಥಿ’. ಉತ್ತರ: ಉಭಯ, ವಸತಿ, ವೇತನ, ವಿದ್ಯಾರ್ಥಿ. ಈ ಸಾಲಿನಲ್ಲಿ ಶುಲ್ಕವನ್ನು ಹುಡುಕಿದರೆ ಉಭಯದಲ್ಲಿ ಇಲ್ಲ, ವಸತಿಯಲ್ಲಿ ಇಲ್ಲ, ವೇತನದಲ್ಲಿ ಸಿಕ್ಕಿತು: ಶುಲ್ಕವಿಲ್ಲ. ಮಗುವಿಗೆ ನ್ಯಾಯ ದೊರೆಯಿತು. ಪೈಥಾನಿನಲ್ಲಿ ಎಲ್ಲರಿಗೂ ಮೂಲವಾದ ‘ಆಬ್ಜೆಕ್ಟ್’ ಎಂಬ ವರ್ಗವೂ ಸಾಲಿನ ತುದಿಯಲ್ಲಿ ಇರುತ್ತದೆ. ಅದು ನಮ್ಮ ಲೆಕ್ಕವನ್ನು ಬದಲಿಸದು.

ಇನ್ನೊಂದು ಸೂಕ್ಷ್ಮವುಂಟು. ಒಂದು ವರ್ಗವು ‘ಸೂಪರ್’ ಎಂಬ ಮಾತಿನಿಂದ ‘ನನ್ನ ನಂತರದವರನ್ನು ಕೇಳು’ ಎಂದು ಹೇಳಬಹುದು. ನಂತರದವರೆಂದರೆ ಅದರ ತಾಯಿಯೇ ಎಂದಲ್ಲ, ಈ ಸಾಲಿನಲ್ಲಿ ಮುಂದೆ ನಿಂತವರು. ‘ವಸತಿ’ಯ ತಾಯಿ ‘ವಿದ್ಯಾರ್ಥಿ’. ಆದರೆ ಉಭಯದ ಮಗುವಿಗಾಗಿ ವಸತಿ ಹಾಗೆ ಕೇಳಿದಾಗ ಉತ್ತರ ಕೊಡುವುದು ವೇತನ. ವಸತಿಯನ್ನು ಬರೆದವರಿಗೆ ವೇತನದ ಹೆಸರೂ ಗೊತ್ತಿರದಿರಬಹುದು. ಸಾಲು ಎಷ್ಟು ಮುಖ್ಯವೆಂಬುದಕ್ಕೆ ಇದೂ ಒಂದು ಸಾಕ್ಷಿ.

ಇಂಟರ್‌ಪ್ರಿಟರು ‘ಒಲ್ಲೆ’ ಎಂದಾಗ

ಎಲ್ಲ ಮನೆತನಗಳಿಗೂ ಸಾಲು ಕಟ್ಟಲು ಬರುವುದಿಲ್ಲ. ‘ಪ’ ಎಂಬ ವರ್ಗವು ತನ್ನ ತಾಯಂದಿರನ್ನು ವಸತಿ, ವೇತನ ಎಂದು ಬರೆದಿದೆ. ‘ಫ’ ಎಂಬ ವರ್ಗವು ವೇತನ, ವಸತಿ ಎಂದು ಬರೆದಿದೆ. ಎರಡರಿಂದಲೂ ‘ಬ’ ಎಂಬ ವರ್ಗ ಹುಟ್ಟಬೇಕಾಗಿದೆ. ಚೀಟಿಗಳನ್ನು ಹರಡಿರಿ. ಪ, ಫಗಳನ್ನು ಎತ್ತಿದ ಮೇಲೆ ಒಂದು ಸಾಲಿನಲ್ಲಿ ವೇತನವು ವಸತಿಯ ಹಿಂದೆ, ಇನ್ನೊಂದರಲ್ಲಿ ವಸತಿಯು ವೇತನದ ಹಿಂದೆ. ‘ನೀವು ಮೊದಲು’ ‘ನೀವು ಮೊದಲು’ ಎಂದು ಬಾಗಿಲಲ್ಲಿಯೇ ನಿಂತ ಇಬ್ಬರು ಬೀಗರಂತೆ ಒಬ್ಬರೂ ಒಳಗೆ ಬರಲಾರರು.

ಆಗ ಪೈಥಾನ್ ಊಹೆ ಮಾಡುವುದಿಲ್ಲ. ಸಮಂಜಸವಾದ ಕ್ರಮವನ್ನು ಕಟ್ಟಲಾಗದೆಂದು ಹೇಳಿ, ಆ ವರ್ಗವನ್ನು ಹುಟ್ಟಿಸಲು ನಿರಾಕರಿಸುತ್ತದೆ. ಇದು ಅದರ ಕೊರತೆಯಲ್ಲ, ಗುಣ. ಅರಿಯದ ಮಾತನ್ನು ತೋಚಿದಂತೆ ತಿರುಗಿಸುವ ದುಭಾಷಿಗಿಂತ ‘ಇದರ ಅರ್ಥ ಹೊಂದುವುದಿಲ್ಲ, ಮತ್ತೆ ಹೇಳಿರಿ’ ಎನ್ನುವ ದುಭಾಷಿ ಮೇಲು. ಮೌನವಾಗಿ ಬಂದ ತಪ್ಪು ಉತ್ತರ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಉಳಿದೀತು. ಗಟ್ಟಿಯಾಗಿ ಬಂದ ನಿರಾಕರಣೆಯನ್ನು ಅದೇ ದಿನ ಸರಿಪಡಿಸಬಹುದು.

ಕ್ರಮವನ್ನು ನಾವೇ ಬದಲಿಸಬಹುದೆ?

ಬದಲಿಸಬಹುದು. ಇಂಥ ಅವಕಾಶ ಮೊದಲು ಹೆಸರಾದದ್ದು ಲಿಸ್ಪ್ ಭಾಷೆಯ ಪರಂಪರೆಯಲ್ಲಿ. ೧೯೯೧ರಲ್ಲಿ ಕಿಕ್ಜಾಲೆಸ್, ದೆ ರಿವಿಯೆರ್, ಬಾಬ್ರೋ ಎಂಬ ಮೂವರು ಬರೆದ ಗ್ರಂಥದಲ್ಲಿ, ಸರದಿಯನ್ನು ಲೆಕ್ಕಮಾಡುವ ಕೆಲಸವನ್ನೇ ಒಂದು ವಿಧಾನವನ್ನಾಗಿ ಮಾಡಿ, ಬೇಕಾದವರು ಅದನ್ನು ಬೇರೆಯಾಗಿ ಬರೆದುಕೊಳ್ಳುವಂತೆ ತೋರಿಸಲಾಗಿದೆ. ಪರ್ಲ್ ಎಂಬ ಭಾಷೆಯಲ್ಲಿ ಆಳಕ್ಕೆ ಇಳಿಯುವ ಹಳೆಯ ಕ್ರಮವೇ ರೂಢಿಯಲ್ಲಿದೆ; ಆದರೆ ೨೦೦೭ರಲ್ಲಿ ಬಂದ ೫.೧೦ನೆಯ ಆವೃತ್ತಿಯಿಂದ ಯಾವ ವರ್ಗ ಬೇಕಾದರೂ ಒಂದು ಸಾಲು ಬರೆದು ಸಿ೩ ಕ್ರಮವನ್ನು ಆರಿಸಿಕೊಳ್ಳಬಹುದು. ಅನಂತರ ಬೇರೆ ಕ್ರಮಗಳನ್ನು ಹೊರಗಿನಿಂದ ಜೋಡಿಸುವ ಏರ್ಪಾಡೂ ಬಂದಿತು. ಹಳೆಯ ಪ್ರೋಗ್ರಾಮುಗಳು ನಿನ್ನೆಯಂತೆಯೇ ನಡೆಯುತ್ತವೆ; ಹೊಸವು ಹೊಸ ದಾರಿ ಹಿಡಿಯುತ್ತವೆ. ಜಾವಾ ಭಾಷೆಯವರು ವರ್ಗಕ್ಕೆ ಒಂದೇ ತಾಯಿವರ್ಗವೆಂದು ವಿಧಿಸಿ ತೊಡಕಿನ ಬಹುಭಾಗವನ್ನು ಬಾಗಿಲಲ್ಲಿಯೇ ತಡೆದರು.

ಪೈಥಾನಿನಲ್ಲಿ ಇದು ಹೀಗೆ ನಡೆಯುತ್ತದೆ. ಅಲ್ಲಿ ವರ್ಗವೂ ಒಂದು ವಸ್ತುವೇ. ಅದಕ್ಕೂ ಒಂದು ವರ್ಗವುಂಟು. ವರ್ಗಗಳ ವರ್ಗಕ್ಕೆ ಮೆಟಾಕ್ಲಾಸ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ‘ಟೈಪ್’ ಎಂಬ ವರ್ಗ. ಹೊಸ ವರ್ಗ ಹುಟ್ಟುವ ಗಳಿಗೆಯಲ್ಲಿ ಇಂಟರ್‌ಪ್ರಿಟರು ಈ ಮೆಟಾಕ್ಲಾಸಿನ ‘ಎಂ.ಆರ್.ಓ.’ ಎಂಬ ವಿಧಾನವನ್ನು ಕರೆದು, ಸರದಿಯ ಸಾಲನ್ನು ಪಡೆದು, ವರ್ಗದೊಳಗೆ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಹುಡುಕಾಟವೆಲ್ಲ ಆ ಸಾಲಿನಂತೆಯೇ. ನಾವು ಟೈಪಿನಿಂದ ಹೊಸ ಮೆಟಾಕ್ಲಾಸನ್ನು ಹುಟ್ಟಿಸಿ, ಅದರಲ್ಲಿ ಎಂ.ಆರ್.ಓ. ವಿಧಾನವನ್ನು ನಮ್ಮ ರೀತಿಯಲ್ಲಿ ಬರೆದರೆ, ಇಂಟರ್‌ಪ್ರಿಟರು ಸಿ೩ರ ಬದಲು ನಾವು ಕೊಟ್ಟ ಸಾಲನ್ನೇ ಹಿಡಿಯುತ್ತದೆ. ಪರೀಕ್ಷೆಗಾಗಿ ಒಂದು ಬದಲಿ ವರ್ಗವನ್ನು ಸಾಲಿನ ಮುಂದೆ ನಿಲ್ಲಿಸಲು, ಹಳೆಯ ಪ್ರೋಗ್ರಾಮಿನ ಕ್ರಮವನ್ನು ಕೆಲಕಾಲ ಉಳಿಸಿಕೊಳ್ಳಲು ಇದು ನೆರವಾದೀತು.

ಆದರೆ ಅಪಾಯವೂ ಇಲ್ಲಿಯೇ ಇದೆ. ನಾವು ಕೊಟ್ಟ ಸಾಲಿನಲ್ಲಿ ಇಂಟರ್‌ಪ್ರಿಟರು ನೋಡುವುದು ಸ್ವಲ್ಪವೇ: ಸಾಲಿನಲ್ಲಿರುವುದೆಲ್ಲ ವರ್ಗಗಳೇ ಹೌದೆ, ಅವುಗಳ ಸ್ಮೃತಿರಚನೆ ಈ ವರ್ಗಕ್ಕೆ ಹೊಂದುವುದೆ, ಇಷ್ಟೆ. ಮೂರು ಕಟ್ಟಳೆಗಳು ಪಾಲನೆಯಾದವೇ ಎಂಬುದನ್ನು ಅದು ವಿಚಾರಿಸುವುದಿಲ್ಲ. ‘ವಿದ್ಯಾರ್ಥಿ’ಯನ್ನು ‘ವೇತನ’ದ ಮುಂದೆ ನಿಲ್ಲಿಸಿದರೂ ಒಪ್ಪಿಕೊಂಡೀತು, ಆಗ ಹಳೆಯ ಐದುನೂರು ರೂಪಾಯಿಯ ತಪ್ಪು ಮತ್ತೆ ಮೌನವಾಗಿ ಬರುತ್ತದೆ. ಇದಲ್ಲದೆ, ಒಮ್ಮೆ ಹುಡುಕಿದ ಉತ್ತರವನ್ನು ನೆನಪಿನಲ್ಲಿಟ್ಟುಕೊಂಡು ಬೇಗ ಹೇಳುವ ಸೌಕರ್ಯವನ್ನು ಇಂಥ ವರ್ಗಗಳಿಗೆ ಇಂಟರ್‌ಪ್ರಿಟರು ಕೈಬಿಡುತ್ತದೆ, ಕೆಲಸ ನಿಧಾನವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ‘ಉಭಯ’ವನ್ನು ಓದುವವರಿಗೆ ಕಣ್ಣಿಗೆ ಕಾಣುವುದು ‘ವಸತಿ, ವೇತನ’ ಎಂಬ ಬರಹ. ನಿಜವಾದ ಕ್ರಮ ಬೇರೆಲ್ಲಿಯೋ ಅಡಗಿದೆ.

ಸ್ವಾತಂತ್ರ್ಯಕ್ಕೆ ಎಲ್ಲೆ ಬೇಕೆಂಬುದನ್ನು ಗೋವೆಯ ಕಾನೂನು ಚೆನ್ನಾಗಿ ತೋರಿಸುತ್ತದೆ. ೧೮೬೭ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪರಂಪರೆಯಲ್ಲಿ ಬಂದು, ಈಗ ೨೦೧೨ರ ಗೋವಾ ಉತ್ತರಾಧಿಕಾರ ಕಾಯಿದೆಯಲ್ಲಿ ನೆಲೆಗೊಂಡ ನಿಯಮದಂತೆ, ಮಕ್ಕಳಿರುವವರು ಮೃತ್ಯುಪತ್ರದ ಮೂಲಕ ತಮ್ಮ ಆಸ್ತಿಯ ಅರ್ಧವನ್ನು ಮಾತ್ರ ಇಷ್ಟಬಂದವರಿಗೆ ಕೊಡಬಹುದು. ಉಳಿದ ಅರ್ಧ ಮಕ್ಕಳಿಗೆ ಕಾದಿಟ್ಟದ್ದು. ಕ್ರಮವನ್ನು ಬದಲಿಸಬಹುದು, ಮಕ್ಕಳ ಹಕ್ಕನ್ನು ಅಳಿಸುವಷ್ಟು ಬದಲಿಸಬಾರದು. ಪೈಥಾನಿನ ಎಂ.ಆರ್.ಓ.ದಲ್ಲಿ ಇಂಥ ಕಾವಲಿಲ್ಲ. ಕಾವಲನ್ನು ಬರೆಯುವವರೇ ಇಟ್ಟುಕೊಳ್ಳಬೇಕು.

ಆದುದರಿಂದ ಸರದಿ ಹೊಂದದೆ ಹೋದಾಗ ಮೂರು ಉಪಾಯಗಳನ್ನು ಈ ಕ್ರಮದಲ್ಲಿ ನೋಡತಕ್ಕದ್ದು. ಮೊದಲನೆಯದು, ಮಗುವರ್ಗದಲ್ಲಿಯೇ ಆ ವಿಧಾನವನ್ನು ಸ್ಪಷ್ಟವಾಗಿ ಬರೆಯುವುದು. ‘ಉಭಯ’ದಲ್ಲಿಯೇ ‘ಶುಲ್ಕವಿಲ್ಲ’ ಎಂದು ಬರೆದರೆ ಹುಡುಕಾಟವೇ ಬೇಡ. ಎರಡನೆಯದು, ತಾಯಂದಿರನ್ನು ಬರೆಯುವ ಕ್ರಮವನ್ನು ತಿದ್ದುವುದು. ಇವೆರಡೂ ಸಾಲದಿದ್ದರೆ ಮಾತ್ರ ಮೂರನೆಯದಾಗಿ ಮೆಟಾಕ್ಲಾಸಿಗೆ ಕೈಹಾಕುವುದು. ಆಗಲೂ ಸಿ೩ ಕೊಟ್ಟ ಸಾಲನ್ನು ಮೊದಲು ಪಡೆದು, ಅದರಲ್ಲಿ ಬೇಕಾದಷ್ಟನ್ನೇ ತಿದ್ದಿ, ಕಾರಣವನ್ನು ಪಕ್ಕದಲ್ಲಿ ಬರೆದಿಡಬೇಕು. ವಿಜ್ಞಾನೇಶ್ವರನು ತಾಯಿಯನ್ನು ಮುಂದೆ ನಿಲ್ಲಿಸಿ ಸುಮ್ಮನಾಗಲಿಲ್ಲ, ಕಾರಣವನ್ನೂ ಬರೆದಿಟ್ಟನು. ಆದುದರಿಂದಲೇ ಒಂಬತ್ತುನೂರು ವರ್ಷಗಳ ಮೇಲೆಯೂ ನಾವು ಅದನ್ನು ಒರೆಹಚ್ಚಿ ನೋಡಬಲ್ಲೆವು.

ಮಕ್ಕಳಿಗೂ ಪೋಷಕರಿಗೂ

ಮಕ್ಕಳೇ, ಒಂದು ಲೆಕ್ಕವನ್ನು ನಿಮಗೆ ಬಿಡುತ್ತೇವೆ. ‘ವಿದ್ಯಾರ್ಥಿ’ಯಿಂದ ‘ಕ್ರೀಡಾ’ ಎಂಬ ಇನ್ನೊಂದು ವರ್ಗ ಹುಟ್ಟಿದೆ. ‘ತ’ ಎಂಬ ವರ್ಗದ ತಾಯಂದಿರು ಕ್ರಮವಾಗಿ ಉಭಯ, ಕ್ರೀಡಾ. ಚೀಟಿಗಳನ್ನು ಹರಡಿ ‘ತ’ದ ಸಾಲನ್ನು ಕಟ್ಟಿರಿ. ಕ್ರೀಡಾ ಐದನೆಯದಾಗಿಯೂ ವಿದ್ಯಾರ್ಥಿ ಆರನೆಯದಾಗಿಯೂ ಬಂದರೆ ನಿಮ್ಮ ಲೆಕ್ಕ ಸರಿ. ಆಮೇಲೆ ‘ತ’ದ ತಾಯಂದಿರನ್ನು ಕ್ರೀಡಾ, ಉಭಯ ಎಂದು ತಿರುಗಿಸಿ ಮತ್ತೊಮ್ಮೆ ಕಟ್ಟಿರಿ; ಯಾರು ಮುಂದೆ ಬಂದರು, ಯಾರ ಸ್ಥಾನ ಬದಲಾಗಲಿಲ್ಲ ಎಂಬುದನ್ನು ಗುರುತಿಸಿರಿ.

ಪೋಷಕರಲ್ಲಿ ನಮ್ಮ ಬಿನ್ನಹ ಒಂದೇ. ಮಗು ಈ ಚೀಟಿಗಳನ್ನು ಮನೆಗೆ ತಂದಾಗ ‘ಇದೇನು ಆಟ’ ಎಂದು ಬದಿಗೆ ಸರಿಸಬೇಡಿರಿ. ‘ಯಾಕೆ ಇದು ಮೊದಲು?’ ಎಂದು ಕನ್ನಡದಲ್ಲಿಯೇ ಕೇಳಿರಿ. ಮಗು ಕನ್ನಡದಲ್ಲಿಯೇ ಕಾರಣ ಹೇಳಲಿ. ತಾಯ್ನುಡಿಯಲ್ಲಿ ಕಾರಣ ಹೇಳಲು ಕಲಿತ ಮಗು ನಾಳೆ ಯಾವ ಭಾಷೆಯಲ್ಲಿ ಯಂತ್ರಕ್ಕೆ ಅಪ್ಪಣೆ ಬರೆದರೂ ಎಡವಲಾರದು. ಕ್ರಮವನ್ನು ಪಾಲಿಸುವುದು ಒಂದು ವಿದ್ಯೆ. ಅದನ್ನು ಯಾವಾಗ, ಎಷ್ಟು, ಯಾರ ಹಿತಕ್ಕಾಗಿ ಬದಲಿಸಬೇಕೆಂದು ಅರಿಯುವುದು ಅದಕ್ಕಿಂತ ಹಿರಿದಾದ ವಿದ್ಯೆ. ಎರಡೂ ನಮ್ಮ ಮಕ್ಕಳಿಗೆ ದೊರೆಯಲೆಂದು ಹಾರೈಸುತ್ತೇವೆ.